ಕಾರು ಹೋದ ಮನೆಗಳು

ಮಧುಗಿರಿಯ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೋಣೆ ಕಾರಿನದಾಗಿತ್ತು. ಅದು ಮೊದಲು ಪಡಸಾಲೆಯ ಎಡಭಾಗ, ಕಡಲೆಕಾಯಿ ಮೂಟೆಗಳನ್ನು ಒಟ್ಟುತ್ತಿದ್ದ ಜಾಗ. ಕಾರು ಬರುವ ಮುನ್ನ ತಾತ ಬೀದಿಯ ಕಡೆಯ ಗೋಡೆಯನ್ನು ಒಡೆಸಿ, ಎರಡು ರೆಕ್ಕೆಯ ಅಗಲವಾದ ಬಾಗಿಲು ಕೂರಿಸಿ, ನೆಲಕ್ಕೆ ಹೊಸ ಚಪ್ಪಡಿ ಹಾಸಿಸಿದರಂತೆ. ಉಳಿದ ಪಡಸಾಲೆಯಲ್ಲಿ ತಾತ, ನನ್ನ ಅಪ್ಪ, ಅಮ್ಮ, ತಾತನ ಕೊನೆಯ ಮಗಳಾದ ಗೌರತ್ತೆ ಮತ್ತು ನಾನು ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ಜಗಳವಾಡುತ್ತಿದ್ದೆವು. ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅಡುಗೆಮನೆಗೂ ಕಾರಿನ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಸೂರಿನ ತನಕ ಮುಟ್ಟದ ಗೋಡೆ. ಹುರುಳಿ ಸಾರಿನ ಒಗ್ಗರಣೆಯ ವಾಸನೆ ಆ ಕಡೆಗೂ ಪೆಟ್ರೋಲಿನ ವಾಸನೆ ಈ ಕಡೆಗೂ ದಾಟುತ್ತಿದ್ದವು. ನಾನು ದೊಡ್ಡವಳಾಗಿ ಬೇರೆ ಊರುಗಳಲ್ಲಿ ಉಂಡಾಗ ಮೊದಮೊದಲು ಮುದ್ದೆಸಾರಿಗೆ ಏನೋ ಕಡಿಮೆಯಾಗಿದೆ ಎನಿಸುತ್ತಿತ್ತು. ಕಡಿಮೆಯಾಗಿದ್ದುದು ಪೆಟ್ರೋಲು.

ಕಾರು ಯಾವ ವರ್ಷ ಬಂತೆಂಬುದನ್ನು ನಾನು ಇಲ್ಲಿ ಬರೆಯಲಾರೆ. ಕೆರೆ ಕೋಡಿ ಬಿದ್ದ ವರ್ಷ ಎಂದು ಅಮ್ಮ ಹೇಳುತ್ತಿದ್ದರು; ಕೋಡಿ ಬಿದ್ದದ್ದು ಕಾರು ಬಂದ ಮೇಲೆ, ನೀರು ನೋಡಲು ಕಾರಿನಲ್ಲೇ ಹೋಗಿದ್ದೆವು ಎಂದು ಅಪ್ಪ. ಸ್ಟುಡಿಯೋದವನು ಬಂದು ಕಾರಿನ ಮುಂದೆ ತೆಗೆದ ಚಿತ್ರದಲ್ಲಿ ಗೌರತ್ತೆ ಲಂಗ ದಾವಣಿ ತೊಟ್ಟಿದ್ದಾರೆ. ಆದರೆ ಅದು ಕಾರು ಬಂದ ದಿನದ ಚಿತ್ರವೋ ಮರುವರ್ಷದ ಆಯುಧಪೂಜೆಯದೋ ಎಂಬುದಕ್ಕೆ ಆಧಾರವಿಲ್ಲ. ಎರಡು ಸಾಕ್ಷ್ಯಗಳು ಕೂಡದ ಇಸವಿಯನ್ನು ಬರೆಯುವ ಅಭ್ಯಾಸ ನನಗಿಲ್ಲವಾದ್ದರಿಂದ ಈ ಅಧ್ಯಾಯದಲ್ಲಿ ಇಸವಿಗಳಿಲ್ಲ. ನಾನು ಶಾಲೆಗೆ ಸೇರುವ ಹೊತ್ತಿಗೆ ಕಾರು ಮನೆಯಲ್ಲಿತ್ತು, ಶಾಲೆಯ ದಿನಗಳು ಮುಗಿಯುವ ಮೊದಲೇ ಅದು ನಿಂತುಹೋಗಿತ್ತು. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಅದು ಬೆಂಗಳೂರಿನ ಯಾವುದೋ ದೊಡ್ಡ ಅಧಿಕಾರಿ ಬಳಸಿ ಬಿಟ್ಟ ವಿದೇಶಿ ಕಾರು. ಗಿಳಿಹಸಿರು ಮತ್ತು ಕೆನೆ ಬಣ್ಣ. ಹಿಂಬದಿಯಲ್ಲಿ ಮೀನಿನ ರೆಕ್ಕೆಗಳಂತೆ ಮೇಲೆದ್ದ ಅಂಚು. ಮುಂಭಾಗದಲ್ಲಿ ಹಲ್ಲು ಕಿರಿದಂತೆ ಹೊಳೆಯುವ ಕಂಬಿಗಳು. ಊರಿನವರು ಅದನ್ನು ಪ್ಲೆಷರ್ ಕಾರು ಎನ್ನುತ್ತಿದ್ದರು. ಓಡಿಸಲು ಶಿರಾದ ಬಾಷಾ ಸಾಹೇಬರು ಬಂದರು. ಅವರಿಗೆ ನಮ್ಮ ಕಾರಿನ ಮೇಲೆ ಪ್ರೀತಿ, ನಮ್ಮ ರಸ್ತೆಗಳ ಮೇಲೆ ತೀರದ ಕೋಪ. ಕೋಟೆಯ ಕೆಳಗಿನ ನಮ್ಮ ಬೀದಿಯಲ್ಲಿ ಕಾರು ತಿರುಗುತ್ತಿರಲಿಲ್ಲ. ಹೋದ ದಾರಿಯಲ್ಲೇ ಹಿಂದೆ ಹಿಂದೆ ಬರಬೇಕು. "ಶೇರ್ ತಂದು ಬೆಕ್ಕಿನ ಬೋನಲ್ಲಿ ಮಡಗವ್ರೆ ನಿಮ್ ತಾತ," ಎಂದು ಅವರು ನನಗೆ ಹೇಳುತ್ತಿದ್ದರು; ಶೇರ್ ಎಂದರೆ ಅವರ ಉರ್ದುವಿನಲ್ಲಿ ಸಿಂಹ.

ತಾತ ಆ ಕಾರಿನಲ್ಲಿ ಓಡಾಡಿದ್ದು ಕಡಿಮೆ. ಕಡಲೆಕಾಯಿ ಮಂಡಿಗೆ ನಡೆದೇ ಹೋಗುತ್ತಿದ್ದರು. ಕೋಟೆಗೆ ಕಾವಲಿದ್ದ ವಂಶ ಎಂಬ ಹೆಸರೊಂದು ಉಳಿದು, ಹೊಲಗಳು ಒಂದೊಂದಾಗಿ ಕೈಬಿಟ್ಟು, ಕಡಲೆಕಾಯಿ ವ್ಯಾಪಾರಕ್ಕೆ ಇಳಿದ ಮನೆ ನಮ್ಮದು. ಆ ಕಾರು ಅವರಿಗೆ ಬೇಕಾಗಿದ್ದುದು ಕೂರುವುದಕ್ಕಲ್ಲ, ಕೊಡುವುದಕ್ಕೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ಈ ನಾಲ್ಕು ಸೀಮೆಯ ನಮ್ಮ ಜನರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಮೆರವಣಿಗೆಗೆ ನಮ್ಮ ಕಾರು ಹೋಗಬೇಕು. ಬಾಡಿಗೆ ಎಂಬ ಮಾತಿಲ್ಲ. ಮದುವೆಯವರು ಎಲೆ ಅಡಿಕೆ ತಟ್ಟೆ ಹಿಡಿದು ಬಂದು ಜಗಲಿಯ ಮೇಲೆ ಕೂತು ಕೇಳಬೇಕು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು ತಗಂಡೋಗಿ" ಎನ್ನಬೇಕು. ಬೇಡ ಎಂದದ್ದನ್ನು ಯಾರೂ ಕೇಳಿಲ್ಲ. ಕಾರಿನ ಜೊತೆ ಮನೆಯವರು ಯಾರಾದರೂ ಹೋಗಬೇಕೆಂಬುದು ನಿಯಮ. ಅಪ್ಪ ಹೋಗುತ್ತಿದ್ದರು, ಜೊತೆಗೆ ಹೆಣ್ಣುಮಗು ಶುಭವೆಂದು ನನ್ನನ್ನು ಕೂರಿಸುತ್ತಿದ್ದರು. ಮದುವೆ ಮುಗಿಸಿ ಬಂದ ಕಾರು ನೇರವಾಗಿ ಒಳಗೆ ಬರುವಂತಿರಲಿಲ್ಲ. ಗೌರತ್ತೆ ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿನ ತಟ್ಟೆ ಹಿಡಿದು, ಹೊಸ ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಮಾಡುವಂತೆಯೇ, ಅದಕ್ಕೆ ಆರತಿ ಎತ್ತಿ ದೃಷ್ಟಿ ತೆಗೆಯುತ್ತಿದ್ದರು. ಮದುವೆಯಾಗದ ಹೆಣ್ಣು ಯಾರ ಯಾರದೋ ಮದುವೆಗೆ ಹೋಗಿಬಂದ ಕಾರಿಗೆ ಆರತಿ ಎತ್ತುವುದನ್ನು ನೋಡುತ್ತ ನಾನು ಬೆಳೆದೆ. ಆಗ ಅದರಲ್ಲಿ ನನಗೆ ಏನೂ ವಿಶೇಷ ಕಾಣಲಿಲ್ಲ.

ಇನ್ನೊಂದು ನಿಯಮವೂ ಇತ್ತು. ಅದು ಹೇಗೆ ಹುಟ್ಟಿತೆಂಬುದನ್ನು ಅಮ್ಮನಿಂದಲೂ ಅಪ್ಪನಿಂದಲೂ ಬೇರೆಬೇರೆಯಾಗಿ ಕೇಳಿ ತಾಳೆ ನೋಡಿದ್ದೇನೆ. ಇಬ್ಬರ ಮಾತೂ ಕೂಡುತ್ತದೆ. ಹೊಳವನಹಳ್ಳಿಯ ಕಡೆಯ ಒಂದು ಮನೆಯವರು ಮಗಳ ಮದುವೆಗೆ ನಮ್ಮ ಕಾರು ಕೊಂಡೊಯ್ದಿದ್ದರು. ಮುಂದಿನ ತಿಂಗಳೇ ಅವರು ತಮ್ಮ ಮಗನಿಗೆ ಗೌರತ್ತೆಯನ್ನು ಕೇಳಲು ಬಂದರು. ತಾತನಿಗೆ ಅದು ಅವಮಾನವೆನಿಸಿತು. ಅವರು ಎದ್ದು ಹೋದ ಮೇಲೆ ಬೀದಿಗೆ ಕೇಳುವಂತೆ ಕೂಗಾಡಿದರಂತೆ.

"ಕಾರು ಕೇಳಕ್ಕೆ ಬಂದ ಬಾಯಾಗೇ ಹೆಣ್ಣು ಕೇಳ್ತಾರಾ? ಈಸ್ಕಂಡೋರ ಮನೆಗೆ ನಾನು ಮಗಳನ್ನ ಕೊಡ್ಲಾ? ಕಾರು ಹೋದ ಮನೆಗೆ ನಮ್ ಹೆಣ್ಣು ಹೋಗಲ್ಲ, ಬರ್ಕಳ್ಳಿ!"

ಕೋಪದಲ್ಲಿ ಆಡಿದ ಮಾತು. ಆದರೆ ನಾಲ್ಕು ಜನ ಕೇಳಿದ್ದರು. ಮರುದಿನ ಮಂಡಿಯಲ್ಲಿ ಯಾರೋ ಮೆಚ್ಚಿ ತಲೆದೂಗಿದರು. ವಾರದೊಳಗೆ ಅದು ಕೋಟೆ ಕೆಳಗಿನ ಮನೆಯವರ ಕಟ್ಟಳೆ ಎಂದು ಹೆಸರಾಯಿತು. ತಾತ ಅದನ್ನು ಹಿಂತೆಗೆದುಕೊಳ್ಳಲಿಲ್ಲ. ಕಾರು ಕೊಡುವುದನ್ನೂ ನಿಲ್ಲಿಸಲಿಲ್ಲ. ಈ ಎರಡು ಒಟ್ಟಿಗೆ ನಡೆದರೆ ಕೊನೆಗೆ ಏನಾಗುತ್ತದೆಂಬ ಲೆಕ್ಕವನ್ನು ಆ ಮನೆಯಲ್ಲಿ ಯಾರೂ ಹಾಕಲಿಲ್ಲ, ನನ್ನ ಅಮ್ಮನೊಬ್ಬರನ್ನು ಬಿಟ್ಟು.

ಮುಂದೆ ನನ್ನ ವೃತ್ತಿಯ ಬಹುಭಾಗ ಇಂಥದೇ ವಿಷಯದ ಅಧ್ಯಯನದಲ್ಲಿ ಕಳೆಯಿತು. ಜನ ತಮ್ಮ ಸ್ಥಾನವನ್ನು ವಾಹನದ ಮೂಲಕ ಹೇಗೆ ತೋರಿಸಿಕೊಳ್ಳುತ್ತಾರೆ ಎಂಬುದನ್ನು ನೋಡಲು ಹಲವು ದೇಶಗಳಿಗೆ ಹೋದೆ. ಜರ್ಮನಿಯಲ್ಲಿ ದುಬಾರಿ ಕಾರಿನ ಹಿಂಬದಿಯ ಮಾದರಿ ಸಂಖ್ಯೆಯನ್ನು ಬೇಡವೆಂದು ತೆಗೆಸುವವರನ್ನು ಕಂಡೆ. ಕೆಲವರು ಅದು ಎಷ್ಟು ದುಬಾರಿಯೆಂದು ತಿಳಿಯದಿರಲೆಂದು, ಕೆಲವರು ಅಷ್ಟೇನೂ ದುಬಾರಿಯಲ್ಲವೆಂದು ತಿಳಿಯದಿರಲೆಂದು. ಜಪಾನಿನಲ್ಲಿ ಕಂಪನಿಯ ಹಿರಿಯರು ತಮ್ಮ ದೇಶದ್ದೇ ಆದ ಸಪ್ಪೆ ಕಪ್ಪು ಕಾರಿನ ಹಿಂಬದಿಯಲ್ಲಿ, ಬಿಳಿಯ ಲೇಸು ಹೊದಿಸಿದ ಸೀಟಿನ ಮೇಲೆ, ಸದ್ದಿಲ್ಲದೆ ಕೂತು ಹೋಗುತ್ತಿದ್ದರು. ಕೊಲ್ಲಿಯ ನಗರವೊಂದರಲ್ಲಿ ಕಾರಿಗಿಂತ ಅದರ ನಂಬರ್ ಫಲಕವೇ ಹೆಚ್ಚು ಬೆಲೆಬಾಳುತ್ತಿತ್ತು. ಅಂಕಿಗಳು ಕಡಿಮೆಯಾದಷ್ಟೂ ಮನೆತನ ದೊಡ್ಡದು. ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಜಮೀನ್ದಾರನೊಬ್ಬ ಕೆಸರು ಮೆತ್ತಿದ, ನಾಯಿಕೂದಲು ತುಂಬಿದ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೋಗಿ, ಹೊಳೆಯುವ ಕಾರು ಇಟ್ಟುಕೊಂಡ ನೆರೆಯವನನ್ನು ಹೊಸಬ ಎಂದು ತಳ್ಳಿಹಾಕಿದ. ಈಗ ನಮ್ಮ ಕಡೆಯೂ ನೋಡುವುದಕ್ಕೆ ಕೊರತೆಯಿಲ್ಲ. ಹೋದ ಶ್ರಾವಣದಲ್ಲಿ ಗೊರವನಹಳ್ಳಿಗೆ ಹೋಗಿದ್ದಾಗ ದೇವಸ್ಥಾನದ ಮುಂದೆ ಪರದೇಶದ ಹೆಸರಿನ ಕಾರುಗಳು ಸಾಲಾಗಿ ನಿಂತು, ಚಕ್ರದಡಿಯ ನಿಂಬೆಹಣ್ಣಿಗೆ ಕಾಯುತ್ತಿದ್ದವು. ಬಸ್ಸಿನಿಂದ ಇಳಿದವರು ಅವುಗಳ ಪಕ್ಕ ನಿಂತು ಫೋನಿನಲ್ಲಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಮಧುಗಿರಿಯಲ್ಲಿ ಮೆರವಣಿಗೆಯ ಕಾರು ಈಗ ಗಂಟೆಯ ಬಾಡಿಗೆಗೆ ಸಿಗುತ್ತದೆ. ಮೇಲ್ಛಾವಣಿ ತೆರೆಯುವಂಥದಕ್ಕೆ ಬಾಡಿಗೆ ಹೆಚ್ಚು.

ನನ್ನ ಪುಸ್ತಕ ಬಂದಾಗ ಒಂದು ಪ್ರತಿಯನ್ನು ಗೌರತ್ತೆಗೆ ಒಯ್ದು ಕೊಟ್ಟೆ. ಆಗ ಅವರ ತಲೆ ಪೂರ್ತಿ ನರೆತಿತ್ತು. ಇಂಗ್ಲಿಷ್ ಬಾರದಿದ್ದರಿಂದ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಕನ್ನಡಕ ತೆಗೆದು ಕೇಳಿದರು:

"ಇವ್ರು ಯಾರೂ ಯಾರ್ಗೂ ಕೊಡಲ್ವೇನೇ ಕಾರ್ನ?"

"ಇಲ್ಲ ಅತ್ತೆ. ಅವರವರದು ಅವರವರಿಗೆ."

"ಪುಣ್ಯವಂತ್ರು ಬುಡು."

ಅಷ್ಟು ದೇಶಗಳಲ್ಲಿ ಓಡಾಡಿ ನಾನು ಹುಡುಕಿದ್ದು ಜನ ತಮ್ಮ ಬಳಿ ಇಟ್ಟುಕೊಂಡದ್ದರಿಂದ ಹೇಗೆ ದೊಡ್ಡವರಾಗುತ್ತಾರೆ ಎಂಬುದನ್ನು. ಕೊಟ್ಟು ಕೊಟ್ಟು ದೊಡ್ಡವರಾಗಿ, ಆ ದೊಡ್ಡಸ್ತಿಕೆಯಲ್ಲೇ ಒಂಟಿಯಾದ ಒಂದು ಮನೆಯ ಬಗ್ಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಈಗ ಬರೆಯಲು ಕೂತರೆ ಕೇಳಿ ತಿಳಿಯಬೇಕಾದವರು ಯಾರೂ ಉಳಿದಿಲ್ಲ. ನಾನು ಕಂಡದ್ದನ್ನೂ ಅಮ್ಮ ಸಾಯುವ ಮುನ್ನ ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮ ಎದುರುಮನೆಯ ಮುಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದವರು ತಿಮ್ಮರಾಜು ಮೇಷ್ಟ್ರು. ಪಾವಗಡದವರು, ನಮ್ಮದೇ ಜನ. ನಾನು ಓದುತ್ತಿದ್ದ ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು. ನಮ್ಮ ಮನೆಗೆ ಬರುತ್ತಿದ್ದ ವಾರಪತ್ರಿಕೆಯನ್ನು ಅಪ್ಪ ಓದಿ ಮುಗಿಸಿದ ಮೇಲೆ ಅವರು ಬಂದು ಒಯ್ಯುತ್ತಿದ್ದರು. ಒಯ್ಯುವ ಮೊದಲು ಜಗಲಿಯ ತುದಿಯಲ್ಲಿ ಕೂತು ಧಾರಾವಾಹಿಯ ಕಂತನ್ನು ಅಲ್ಲೇ ಓದುತ್ತಿದ್ದರು, ಕೊಂಚ ಗಟ್ಟಿಯಾಗಿ. ಬಾಗಿಲ ಒಳಗಡೆ ಗೌರತ್ತೆ ಕಡಲೆಕಾಯಿ ಸುಲಿಯುತ್ತ ಕೇಳುತ್ತಿದ್ದರು. ಅವರಿಗೆ ಚೆನ್ನಾಗಿ ಓದಲು ಬರುತ್ತಿತ್ತು. ಪತ್ರಿಕೆ ಮನೆಗೆ ಬಂದ ದಿನವೇ ಆ ಕಂತನ್ನು ಓದಿರುತ್ತಿದ್ದರು ಕೂಡ.

"ಮೇಷ್ಟ್ರೇ, ಅವ್ಳು ಆ ಊರಿಗೆ ಹೋಗ್ಬಾರ್ದಿತ್ತು," ಎನ್ನುತ್ತಿದ್ದರು ಒಳಗಿನಿಂದ.

"ಹೋಗ್ದೆ ಇದ್ರೆ ಕತೆ ಮುಂದಕ್ಕೆ ಎಂಗೆ ಹೋಯ್ತದೆ ಗೌರಮ್ಮನೋರೆ? ಇಲ್ಲೇ ಅಯಿಪೋತದಲ್ಲ," ಎನ್ನುತ್ತಿದ್ದರು ಅವರು, ತಮ್ಮ ಊರಿನ ತೆಲುಗು ಬೆರೆಸಿ. ಮುಗಿದೇ ಹೋಗುತ್ತದಲ್ಲ ಎಂಬ ಆ ತೆಲುಗು ಮಾತಿಗೆ ಗೌರತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

ಇದಕ್ಕಿಂತ ಹೆಚ್ಚೇನೂ ನಡೆದಿಲ್ಲ. ಅಮ್ಮ ಇದನ್ನು ಕಂಡುಕೊಂಡರು. ನಾದಿನಿಯನ್ನು ಕೇಳಿದರು, ಅವರು ಇಲ್ಲವೆನ್ನಲಿಲ್ಲ. ಮೇಷ್ಟ್ರನ್ನು ಕೇಳಿದರು, ಅಣ್ಣನ ಮದುವೆ ಮುಗಿದ ಕೂಡಲೇ ಮನೆಯಲ್ಲಿ ಮಾತೆತ್ತುತ್ತೇನೆ ಎಂದರು. ಪಾವಗಡದ ಆ ಮನೆಗೆ ನಮ್ಮ ಕಾರು ಒಮ್ಮೆಯೂ ಹೋಗಿರಲಿಲ್ಲ. ಅಮ್ಮ ತಾತನ ಕಿವಿಗೂ ಹಾಕಿದರು. "ಬರ್ಲಿ, ನೋಡಾನ," ಎಂದರಂತೆ ತಾತ. ಅವರ ಬಾಯಲ್ಲಿ ಅದು ದೊಡ್ಡ ಒಪ್ಪಿಗೆ.

ಒಂದು ಬೆಳಿಗ್ಗೆ ಮೇಷ್ಟ್ರ ತಂದೆ ವೆಂಕಟಪ್ಪನವರು ಬಂದರು. ಬಿಳಿ ಪಂಚೆ, ತಲೆಗೆ ಸುತ್ತಿದ ವಸ್ತ್ರ, ಕೈಯಲ್ಲಿ ಎಲೆ ಅಡಿಕೆ ಬಾಳೆಹಣ್ಣಿನ ತಟ್ಟೆ. ನಮ್ಮಲ್ಲಿ ಹೆಣ್ಣು ಕೇಳಲು ತರುವ ತಟ್ಟೆಗೂ ಕಾರು ಕೇಳಲು ತರುವ ತಟ್ಟೆಗೂ ವ್ಯತ್ಯಾಸವಿರಲಿಲ್ಲ. ಅಮ್ಮ ಓಡಿಬಂದು ಗೌರತ್ತೆಯ ಕೈಯಿಂದ ಪೊರಕೆ ಕಿತ್ತುಕೊಂಡರು. "ಬಂದ್ರು ಕಣೇ, ಅಣ್ಣನ ಮದ್ವೆಗೂ ಕಾಯ್ಲಿಲ್ಲ! ಹೋಗು, ತಲೆ ಬಾಚ್ಕೋ. ಆ ನೇರಳೆ ಸೀರೆ ಉಟ್ಕೋ," ಎಂದರು. ನಾನು ಕನ್ನಡಿ ಹಿಡಿದು ನಿಂತೆ. ಗೌರತ್ತೆ ಹೆರಳು ಹಾಕಿಕೊಳ್ಳುತ್ತಿದ್ದಾಗಲೇ ಜಗಲಿಯಿಂದ ಮಾತು ಕೇಳಿಸಿತು.

"ಪೆದ್ದೋನ ಮದ್ವೆ ಸಾಮಿ, ನಮ್ ದೊಡ್ಡ ಮಗಂದು. ಊರಾಗೆ ಮೆರವಣ್ಗೆ ಐತೆ. ತಮ್ಮ ಕಾರು ದಯಮಾಡಿಸಬೇಕು."

ಬಾಚಣಿಗೆ ನಿಂತಿತು. ಅರ್ಧ ಹೆಣೆದ ಹೆರಳನ್ನು ಕೈಯಲ್ಲಿ ಹಿಡಿದುಕೊಂಡೇ ಗೌರತ್ತೆ ಎದ್ದು ನಡುಬಾಗಿಲಿಗೆ ಹೋದರು. ಹೊರಗಿನ ಗಂಡಸರ ಮುಂದೆ ಅವರು ಹಾಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಅಪ್ಪಾ, ಗಾಡಿ ಕೆಟ್ಟೈತಲ್ಲಾ. ನಿನ್ನೆ ಬಾಷಾ ಸಾಬ್ರು ಹೇಳಿಲ್ವಾ?"

ತಾತ ತಿರುಗಿ ನೋಡಿದರು. ಅವರಿಗೆ ಅರ್ಥವಾಗಿತ್ತು ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದರು. ಅವರು ಹೂಂ ಎನ್ನುವವರಿದ್ದರು. ಬಾಯಿ ತೆರೆದದ್ದನ್ನು ನಾನೂ ನೋಡಿದ್ದೇನೆ. ಅಷ್ಟರಲ್ಲಿ ದಿನವೂ ಬೆಳಿಗ್ಗೆ ಇಂಜಿನ್ ಬಿಸಿ ಮಾಡುವ ಬಾಷಾ ಸಾಹೇಬರು ಗೋಡೆಯ ಆ ಕಡೆ ಕಾರನ್ನು ಚಾಲೂ ಮಾಡಿದರು. ಮನೆಯ ಹಿತ್ತಾಳೆ ಪಾತ್ರೆಗಳೆಲ್ಲ ಗಣಗಣ ಅಂದವು.

ವೆಂಕಟಪ್ಪನವರು ಸಜ್ಜನರು. ಕೇಳಿಸದವರಂತೆ ತಟ್ಟೆಯನ್ನು ತಮ್ಮ ಕಡೆ ಸ್ವಲ್ಪ ಎಳೆದುಕೊಂಡರು.

"ಪರವಾಲೇದು ಸಾಮಿ. ಕೆಟ್ಟಿದ್ರೆ ಬ್ಯಾಡ. ಶಿರಾದಾಗೆ ಒಬ್ರು ಜೀಪು ಕೊಡ್ತೀನಿ ಅಂದವ್ರೆ."

"ಜೀಪಾ?" ತಾತನ ಕುತ್ತಿಗೆ ನೆಟ್ಟಗಾಯಿತು. "ನಮ್ ಬಾಗ್ಲಿಗೆ ಬಂದು, ನಾನು ಇಲ್ಲ ಅಂದೆ ಅಂತ, ಜೀಪಲ್ಲಿ ಮೆರವಣ್ಗೆ ಹೋಯ್ತೀರಾ? ನಾಕು ಸೀಮೆ ಜನ ಏನಂದಾರು? ಕಾರು ನೆಟ್ಟಗೈತೆ. ಹೆಣ್ಮಕ್ಕಳಿಗೆ ಏನು ಗೊತ್ತಾಯ್ತದೆ. ತಗಂಡೋಗಿ."

ಗೌರತ್ತೆ ಒಳಗೆ ಬಂದು ಹೆರಳು ಬಿಚ್ಚಿದರು. ಪೊರಕೆ ತೆಗೆದುಕೊಂಡು, ಬಿಟ್ಟಲ್ಲಿಂದ ಕಸ ಗುಡಿಸಿದರು.

ಪಾವಗಡಕ್ಕೆ ಹೊರಟ ದಿನ ಮುಂದಿನ ಸೀಟಿನಲ್ಲಿ ಅಪ್ಪ, ಅವರ ತೊಡೆಯ ಮೇಲೆ ನಾನು. ಮಿಡಿಗೇಶಿ ದಾಟಿದ ಮೇಲೆ ರಸ್ತೆ ಬಂಡೆಗಳ ನಡುವೆ ಹಾಯುತ್ತದೆ. ಬಾಷಾ ಸಾಹೇಬರು ಪ್ರತಿ ಗುಂಡಿಗೂ ಒಂದೊಂದು ಉರ್ದು ಬೈಗುಳ ಹಂಚುತ್ತ ಓಡಿಸಿದರು. ಸಂಜೆ ಪಾವಗಡದ ಬೆಟ್ಟದ ಕೆಳಗೆ ಮೆರವಣಿಗೆ ಹೊರಟಿತು. ಹಿಂದಿನ ಸೀಟಿನಲ್ಲಿ ಮದುಮಗ, ಅವನ ಎಡಬಲಕ್ಕೆ ಸೋದರಮಾವಂದಿರು, ಬಾಗಿಲಿಗೆ ಜೋತುಬಿದ್ದ ಹುಡುಗರು. ಮದುಮಗನ ತಮ್ಮನಿಗೆಂದು ಜಾಗ ಬಿಟ್ಟಿದ್ದರು. ತಿಮ್ಮರಾಜು ಮೇಷ್ಟ್ರು ಹತ್ತಲಿಲ್ಲ.

"ರಾರಾ, ಎಕ್ಕು!" ಎಂದು ಒಬ್ಬ ಮಾವ ತೆಲುಗಿನಲ್ಲಿ ಹತ್ತು ಬಾ ಎಂದು ಕೂಗಿದ. "ಏನ್ಲಾ, ಮದುಮಗ ನೀನಲ್ಲ ಅಂತ ಸಿಟ್ಟಾ?"

ಎಲ್ಲರೂ ನಕ್ಕರು. "ನಂಗೆ ನಡಿಯೋದೇ ಇಷ್ಟ ಮಾಮ," ಎಂದು ಮೇಷ್ಟ್ರು ವಾಲಗದವರ ಹಿಂದೆ, ದೂಳಿನಲ್ಲಿ, ಊರು ಸುತ್ತಿ ಮುಗಿಯುವವರೆಗೂ ನಡೆದರು. ಕಾರು ಮನೆಯ ಮುಂದೆ ನಿಂತಾಗ ನನ್ನ ಕಿಟಕಿಯ ಬಳಿ ಬಂದು, "ಪಾಪಾ, ನಾನು ಕಾರು ಹತ್ತಲಿಲ್ಲ ಅಂತ ನಿಮ್ ಅತ್ತೆಗೆ ಹೇಳ್ತೀಯಾ?" ಎಂದರು. ಅದರಲ್ಲಿ ಹೇಳುವಂಥದೇನಿದೆಯೆಂದು ನನಗೆ ತಿಳಿಯಲಿಲ್ಲ, ಹೂಂ ಎಂದೆ.

ಮರುದಿನ ಕಾರು ಹಿಂತಿರುಗಿದಾಗ ಗೌರತ್ತೆ ಎಂದಿನಂತೆ ತಟ್ಟೆ ಹಿಡಿದು ನಿಂತಿದ್ದರು. ನಾನು ಇಳಿದವಳೇ ಒದರಿದೆ. ಅವರು ಆರತಿ ಎತ್ತಿ, ನೀರನ್ನು ಬೀದಿಗೆ ಚೆಲ್ಲಿ, ಒಳಗೆ ಬಂದು ನೇರವಾಗಿ ತಾತನ ಮುಂದೆ ನಿಂತರು.

"ಅವ್ರು ಕಾರು ಹತ್ತಲಿಲ್ಲವಂತೆ ಅಪ್ಪಾ."

"ಯಾರು?"

"ಯಾರು ಅಂತ ನಿಂಗೊತ್ತು. ಹತ್ತದೇ ಇದ್ದೋರು ಈಸ್ಕಂಡಂಗೆ ಎಂಗಾಯ್ತದೆ?"

"ಮನೆಗೆ ಹೋಗೈತಲ್ಲವ್ವಾ."

"ಮನೆಯೋರು ಕೇಳವ್ರೆ. ಅವ್ರು ಕೇಳಿಲ್ಲ."

"ಹತ್ತು ಜನದ ಮುಂದೆ ಆಡಿದ ಮಾತು ಕಣೇ ಅದು. ಹೊಳವನಹಳ್ಳಿಯೋರ್ಗೆ ಒಂದು, ಪಾವಗಡದೋರ್ಗೆ ಒಂದು ಅಂತ ಮಾಡಕ್ಕಾಯ್ತದಾ?"

"ನೀನೇ ಆಡಿದ್ದು. ನೀನೇ ಬುಟ್ಬುಡು."

ಅಂದು ಗೌರತ್ತೆ ಉಣ್ಣಲಿಲ್ಲ. ಅವರು ಉಣ್ಣದಿದ್ದರೆಂದು ಅಮ್ಮನೂ ಉಣ್ಣಲಿಲ್ಲ. ತಾತ ಒಬ್ಬರೇ ಕೂತು ಮುದ್ದೆ ಮುರಿದು, ಎರಡು ತುತ್ತು ನುಂಗಿ, ತಟ್ಟೆಯಲ್ಲೇ ಕೈ ತೊಳೆದರು. ಮೇಷ್ಟ್ರಿಗೆ ಆ ಬೇಸಿಗೆಯಲ್ಲಿ ಪಾವಗಡದ ಕಡೆಗೆ ವರ್ಗವಾಯಿತು. ತಾವೇ ಕೇಳಿ ಪಡೆದದ್ದೋ ತಾನಾಗಿ ಬಂದದ್ದೋ ಎಂಬುದಕ್ಕೆ ನನ್ನಲ್ಲಿ ದಾಖಲೆಯಿಲ್ಲ.

ಆಮೇಲಿನ ವರ್ಷಗಳಲ್ಲಿ ಪೆಟ್ರೋಲಿನ ಬೆಲೆ ಏರಿತು. ಕಾರಿನ ಒಂದೊಂದು ಭಾಗವೂ ಸಿಗದಾಯಿತು. ಒಮ್ಮೆ ಕೊರಟಗೆರೆಯಿಂದ ಎತ್ತುಗಳನ್ನು ಕಟ್ಟಿ ಎಳೆದು ತಂದರು. ಬಾಷಾ ಸಾಹೇಬರು ನಾಚಿಕೆಯಿಂದ ತಲೆಗೆ ವಸ್ತ್ರ ಹೊದ್ದು ಸ್ಟಿಯರಿಂಗ್ ಹಿಡಿದು ಕೂತಿದ್ದರು. "ಬಸ್, ಖತಂ ಯಜಮಾನ್ರೇ," ಎಂದು ಕೈ ಮುಗಿದು ಶಿರಾಕ್ಕೆ ಹೊರಟುಹೋದರು. ಕಾರು ತನ್ನ ಕೋಣೆಯಲ್ಲಿ ನಿಂತಿತು. ತಾತ ಆಗ ಮಗಳಿಗೆ ಗಂಡು ಹುಡುಕುವ ಮಾತೆತ್ತಿದರು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ರಾಗಿ ಜರಡಿ ಹಿಡಿಯುತ್ತಿದ್ದ ಅಮ್ಮ ತಲೆಯೆತ್ತದೆ ಕೇಳಿದರು:

"ಕಾರು ಹೋಗ್ದೇ ಇರೋ ಮನೆ ಒಂದು ಹೇಳಿ ಮಾವ."

ತಾತ ಯೋಚಿಸಿದರು. ಶಿರಾದ ಪಟೇಲರ ಮನೆ ಎಂದರು. ಅವರ ಮೊಮ್ಮಗನ ಮದುವೆಗೆ ಹೋಗಿತ್ತಲ್ಲ, ಎಂದರು ಅಮ್ಮ. ಕೊರಟಗೆರೆಯ ಅಂಗಡಿಯವರು? ಎರಡು ಸಲ. ಹೊಳವನಹಳ್ಳಿ ಸೀಮೆಯಲ್ಲಿ? ಅಲ್ಲಿಂದಲೇ ಅಲ್ಲವೇ ಮಾವ ಮೊದಲಾದದ್ದು. ಪೇಟೆ ಬೀದಿಯವರು, ತಾತನ ಸ್ವಂತ ಸೋದರಳಿಯನ ಮನೆಯವರು, ಒಂದಾದ ಮೇಲೊಂದು ಹೆಸರು ಬಂತು; ಪ್ರತಿಯೊಂದಕ್ಕೂ ಅಮ್ಮ ಯಾರ ಮದುವೆ, ಯಾವ ಸೀರೆ ಬಂತು, ಎಲ್ಲಿ ಟೈರು ಪಂಕ್ಚರಾಯಿತು ಎಂದು ನೆನಪಿಸಿದರು. ಜರಡಿಯ ಸದ್ದು ನಿಲ್ಲಲಿಲ್ಲ. ಕೊನೆಗೆ ತಾತನ ಹೆಸರುಗಳು ಮುಗಿದವು. ಕೋಟೆಯ ಕೆಳಗಿನ ಆ ಮನೆಯಿಂದ ಮಗಳನ್ನು ಕೊಡಬಹುದಾದ ಮನೆ ನಾಲ್ಕು ಸೀಮೆಯಲ್ಲಿ ಒಂದೂ ಉಳಿದಿರಲಿಲ್ಲ.

"ಪಾವಗಡದ ಹುಡುಗನಿಗೆ ಇನ್ನೂ ಆಗಿಲ್ಲವಂತೆ," ಎಂದರು ಅಮ್ಮ.

ಗೌರತ್ತೆ ಬಳಿಕ ಮದುವೆಯಾಗಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದನ್ನು ಮುಚ್ಚಿಟ್ಟು ಕುತೂಹಲ ಬೆಳೆಸುವುದು ಅವರ ಬಾಳಿಗೆ ಗೌರವವಲ್ಲ. ಅವರು ಹೊಲಿಗೆ ಕಲಿತರು, ಕಾರನ್ನು ಗುಜರಿಗೆ ಕೊಟ್ಟ ಮೇಲೆ ಆ ದೊಡ್ಡ ಕೋಣೆಯಲ್ಲಿ ಯಂತ್ರಗಳನ್ನು ಇಟ್ಟು ಊರಿನ ಹೆಣ್ಣುಮಕ್ಕಳಿಗೆ ಕಲಿಸಿದರು, ನನ್ನನ್ನು ಓದಿಸಬೇಕೆಂದು ಅಪ್ಪನೊಡನೆ ಹಟ ಹಿಡಿದು ಗೆದ್ದರು. ಅವರನ್ನು ನೋಡಿ ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಆದರೆ ತಮಗೆಂದು ಬೇಡಿದ ಒಂದೇ ಒಂದು ಸಂಗತಿ ಅವರಿಗೆ ಸಿಗಲಿಲ್ಲ; ಸಿಗದೆ ಹೋದದ್ದು ದ್ವೇಷದಿಂದಲ್ಲ, ಬಡತನದಿಂದಲ್ಲ, ನಾವು ಮರ್ಯಾದೆಯೆಂದು ಕರೆಯುತ್ತಿದ್ದ ಒಂದು ರೂಢಿಯಿಂದ.

ಅಮ್ಮ ಆ ಮಾತು ಹೇಳಿದ ವಾರದಲ್ಲೇ ತಾತ ಪಾವಗಡಕ್ಕೆ ಹೋದರು. ಬಸ್ಸಿನಲ್ಲಿ ಹೋದರು. ಒಗೆದ ಪಂಚೆ ಉಟ್ಟು, ಎಲೆ ಅಡಿಕೆಯನ್ನು ಚೀಲದಲ್ಲಿ ಹಾಕಿಕೊಂಡು, ಅಮ್ಮನೊಬ್ಬರಿಗೆ ಬಿಟ್ಟು ಬೇರಾರಿಗೂ ಹೇಳದೆ ಹೊರಟಿದ್ದರು. ಚೀಲ ತುಂಬಿಸಿಕೊಟ್ಟವರು ಅಮ್ಮ. ಕೇಳುವ ಕಡೆ ಕೂತು ಅವರಿಗೆ ಅಭ್ಯಾಸವಿರಲಿಲ್ಲ. ಇಳಿಹೊತ್ತಿನಲ್ಲಿ ಹಿಂತಿರುಗಿ ಜಗಲಿಯ ಮೇಲೆ ಕೂತಾಗ ಚೀಲ ಬರಿದಾಗಿತ್ತು. ಅಮ್ಮ ಮಜ್ಜಿಗೆ ತಂದುಕೊಟ್ಟರು. ಗೌರತ್ತೆ ಬಾಗಿಲಿಗೆ ಒರಗಿ ನಿಂತರು. ನಾನು ಅವರ ಪಕ್ಕದಲ್ಲಿದ್ದೆ.

"ಕೇಳ್ದೆ ಕಣವ್ವಾ," ಎಂದರು ತಾತ. "ನನ್ ಮಾತು ನಾನೇ ಬುಟ್ಟು ಕೇಳ್ದೆ. ಅವ್ರು ಒಲ್ಲೆ ಅಂದ್ರು."

"ಏನಂದ್ರು?"

"ನೀವು ಕೊಡೋರು ಸಾಮಿ, ನಾವು ಈಸ್ಕಳ್ಳೋರು. ಕಾರು ಈಸ್ಕಂಡಿದ್ದೇ ದೊಡ್ದು. ಮಗಳನ್ನೂ ಈಸ್ಕಂಡ್ರೆ ತಡ್ಕಳ್ಳೋ ಶಕ್ತಿ ನಮ್ಗೆ ಲೇದು ಅಂದ್ರು, ಆ ವೆಂಕಟಪ್ಪ. ಕೈ ಮುಗ್ಕಂಡೇ ಅಂದ್ರು."

ನಮ್ಮ ಕಡೆ ಹೆಣ್ಣುಗಂಡಿನ ಮಾತನ್ನು ಒಂದೇ ಜಮಖಾನದ ಮೇಲೆ ಕೂತು ಆಡುತ್ತಾರೆ. ಎರಡು ಮನೆಯವರೂ ನೆಲದಲ್ಲಿ, ಸಮಸಮವಾಗಿ. ಒಬ್ಬರು ಮೇಲೆ, ಒಬ್ಬರು ಕೆಳಗೆ ಕೂತಲ್ಲಿ ಸಂಬಂಧದ ಮಾತು ಬೆಳೆಯುವುದಿಲ್ಲ. ಅಲ್ಲಿ ಬೆಳೆಯುವುದು ಬೇರೆ ಮಾತು.

"ಜಮಖಾನ ಹಾಸಿದ್ರಾ?" ಎಂದು ಕೇಳಿದರು ಗೌರತ್ತೆ.

"ಹಾಸಿದ್ರು. ನಾನು ಹೊಸ್ಲು ದಾಟ್ತಿದ್ದಂಗೇ ಹಾಸಿ, ಒಂದು ಮಗ್ಗುಲಾಗೆ ಕೂತ್ಕಂಡು ನಂಗೆ ಜಾಗ ಬುಟ್ರು."

"ನೀನು?"

ತಾತ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು. "ಆ ಮೇಷ್ಟ್ರು ಹುಡುಗನೇ ಒಳಗಿಂದ ಕುರ್ಚಿ ತಂದು ಮಡಗ್ದ. ಬಸ್ಸಾಗೆ ಬಂದವ್ರೆ, ವಯಸ್ಸಾಗೈತೆ ಅಂತ. ನಾನು ಕೂತ್ಕಂಡ್ಬುಟ್ಟೆ."

"ಕುರ್ಚಿ ಮ್ಯಾಲೆ."

"ಊಂ. ಕೂತ ಮ್ಯಾಲೆ ವೆಂಕಟಪ್ಪ ಜಮಖಾನ ಬುಟ್ಟು ಎದ್ದು, ಹೋಗಿ ಹೊಸ್ಲ ಮ್ಯಾಲೆ ಕೂತ್ರು."

ಅಮ್ಮ ಹಣೆ ಮುಟ್ಟಿಕೊಂಡು ಒಳಗೆ ಹೋದರು. ಗೌರತ್ತೆ ಜಗಲಿಗೆ ಇಳಿದು ಬಂದು ತಾತನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು. ದನಿಯಲ್ಲಿ ಸಿಟ್ಟಿರಲಿಲ್ಲ, ಕಾಯಿಲೆಯವರನ್ನು ವಿಚಾರಿಸುವವರಂತೆ, ತೀರ ಮೆಲ್ಲಗೆ ಕೇಳಿದರು:

"ಮಂಡಿ ನೋಯ್ತಿತ್ತಾ ಅಪ್ಪಾ?"

ಹೂಂ ಎಂದುಬಿಟ್ಟಿದ್ದರೆ ಅವರು ನಂಬುತ್ತಿದ್ದರು. ನಂಬಲು ಸಿದ್ಧರಾಗಿಯೇ ಕೂತಿದ್ದರು. ತಾತ ಮಗಳ ಮುಖವನ್ನು ನೋಡಿದರು.

"ಇಲ್ಲ ಕಣವ್ವಾ," ಎಂದರು.